ಮಗಳಿಗೊಂದು ಲ್ಯಾಪ್‌ಟಾಪ್: ಕೊಳ್ಳುವ ಮೊದಲು

ಅಮ್ಮಂದಿರೇ, ಅಕ್ಕಂದಿರೇ, ತಂಗಿಯರೇ,

ಇವತ್ತು ನಾವು ಲ್ಯಾಪ್‌ಟಾಪ್ ಬಗ್ಗೆ ಮಾತಾಡೋಣ. ಓದು ಕಲಿಯುವ ಜಾಗದಲ್ಲಿ ಲ್ಯಾಪ್‌ಟಾಪ್ ಮಾತು ಎಂತಕ್ಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಉಂಟು.

ಕಾಲೇಜು ಸೇರುವ ಕಾಲ ಬಂತು ಅಂದರೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಒಂದೇ ಮಾತು. "ಅಮ್ಮಾ, ನಂಗೆ ಲ್ಯಾಪ್‌ಟಾಪ್ ಬೇಕು." ದುಡ್ಡು ಹೊಂದಿಸುವವರು ಯಾರು? ಹೆಚ್ಚಿನ ಮನೆಗಳಲ್ಲಿ ನೀವೇ. ಸಂಘದಲ್ಲಿ ಸಾಲ ಎತ್ತುವವರು ನೀವು. ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು, ಡಬ್ಬದ ಲೆಕ್ಕದಲ್ಲಿ ಕೂಲಿ ತರುವವರು ನೀವು. ಆದರೆ ಅಂಗಡಿಗೆ ಹೋಗುವ ದಿನ ಮಾತ್ರ, "ನಿಂಗೆ ಅದೆಲ್ಲ ಗೊತ್ತಾಗಲ್ಲ, ನೀನು ಮನೇಲಿರು" ಅಂತಾರೆ.

ಈಗ ನಿಮಗೆ ಅಕ್ಷರ ಬರ್ತದೆ. ಅಂಕಿ ಬರ್ತದೆ. ಕೂಡುವುದು, ಗುಣಿಸುವುದು ಬರ್ತದೆ. ಅಂಗಡಿಗೆ ಹೋಗಲು ಇಷ್ಟು ಸಾಕು. ಉಳಿದದ್ದನ್ನು ಇವತ್ತು ತಿಳಿಯೋಣ.

ಅಂಗಡಿಯಲ್ಲಿ ಮೊದಲು ಏನು ಕೇಳುತ್ತಾರೆ? "ಬಜೆಟ್ ಎಷ್ಟಮ್ಮಾ?" ಅಂತ ಕೇಳುತ್ತಾರೆ. ನೀವು 50 ಸಾವಿರ ಅಂದರೆ 55 ಸಾವಿರದ್ದನ್ನು ತೋರಿಸುತ್ತಾರೆ. ಅದಕ್ಕೆ ಮನೆಯಲ್ಲಿ ಮೊದಲು ಬೇರೆ ಪ್ರಶ್ನೆ ಕೇಳಬೇಕು. ಎಷ್ಟರದ್ದು ಅಂತ ಅಲ್ಲ. ಎಂತಕ್ಕೆ ಬೇಕು ಅಂತ.

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಹೀಗೇ ಕೇಳಿದರು. ಅವರ ಮಗಳು ಬಿ.ಕಾಂ. ಸೇರಿದ್ದಳು.

"ಮಗಾ, ಅದರಲ್ಲಿ ನೀನು ಎಂತ ಕೆಲಸ ಮಾಡ್ತೀಯ?"

"ಬರೀಲಿಕ್ಕೆ ಇರ್ತದೆ ಅಮ್ಮ. ಲೆಕ್ಕದ ಪಟ್ಟಿ ಮಾಡ್ಲಿಕ್ಕೆ ಇರ್ತದೆ. ಟ್ಯಾಲಿ ಕಲೀಬೇಕು."

"ಅಷ್ಟಕ್ಕೆ 65 ಸಾವಿರದ್ದು ಬೇಕಾ?"

"ಅಂಗಡಿಯವರು ಅದೇ ಒಳ್ಳೇದು ಅಂದ್ರು."

"ಅಂಗಡಿಯವರು ಹೇಳಿದ್ದು ಇರ್ಲಿ. ನಿಮ್ಮ ಮೇಷ್ಟ್ರು ಎಂತ ಹೇಳ್ತಾರೆ, ಕೇಳ್ಕೊಂಡು ಬಾ."

ಮೇಷ್ಟ್ರು ಹೇಳಿದ್ದು ಸಣ್ಣ ಮಾತು. ಟ್ಯಾಲಿಗೆ, ಬರೆಯುವುದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು, ವಿಂಡೋಸ್ ಇರಲಿ. ಅವರು 38 ಸಾವಿರದಲ್ಲಿ ಕೆಲಸ ಮುಗಿಸಿದರು. ಉಳಿದ ಹಣ ಎರಡನೇ ವರ್ಷದ ಶುಲ್ಕಕ್ಕೆ ಆಯಿತು.

ಹಾಗಾದರೆ ಯಾವ ಓದಿಗೆ ಎಂಥದ್ದು ಬೇಕು? ನನ್ನ ಅಭಿಪ್ರಾಯ ಹೇಳುತ್ತೇನೆ. ಪಿಯುಸಿಗೆ ಲ್ಯಾಪ್‌ಟಾಪ್ ಬೇಡ. ಬಿ.ಎ., ಬಿ.ಕಾಂ., ಬಿ.ಎಸ್‌ಸಿ., ಬಿ.ಎಡ್.ಗೆ ಸಾಧಾರಣದ್ದು ಸಾಕು. ಬಿ.ಸಿ.ಎ. ಅಥವಾ ಕಂಪ್ಯೂಟರ್ ಇಂಜಿನಿಯರಿಂಗ್ ಓದುವವರಿಗೆ ಸ್ವಲ್ಪ ಗಟ್ಟಿಯದು ಬೇಕು. ಕಟ್ಟಡದ ನಕ್ಷೆ ಬಿಡಿಸುವ ಓದು, ಚಿತ್ರ ಮತ್ತು ವಿಡಿಯೊ ಮಾಡುವ ಓದು ಆದರೆ ಇನ್ನೂ ಹೆಚ್ಚಿನದು ಬೇಕಾಗಬಹುದು. ಆಟಕ್ಕಾಗಿಯೇ ಮಾಡಿದ ಲ್ಯಾಪ್‌ಟಾಪ್ ಅಂತ ಒಂದು ಬರುತ್ತದೆ. ಕೀಲಿಗಳಲ್ಲಿ ಕೆಂಪು, ಹಸಿರು ದೀಪ ಉರಿಯುತ್ತದೆ. ಹುಡುಗರಿಗೆ ಅದರ ಮೇಲೆ ಕಣ್ಣು. ಅದು ಭಾರ, ಬೇಗ ಬಿಸಿ ಆಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಬೆಲೆಯೂ ಜಾಸ್ತಿ. ಓದು ಅದನ್ನು ಕೇಳದಿದ್ದರೆ ಬೇಡ ಅಂತ ಹೇಳಲು ಹೆದರಬೇಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಗನಿಗೆ ಲ್ಯಾಪ್‌ಟಾಪ್, ಮಗಳಿಗೆ ಫೋನ್ ಸಾಕು ಅನ್ನುವ ಮನೆಗಳು ನಮ್ಮಲ್ಲಿ ಇವೆ. ಫೋನಿನಲ್ಲಿ ಪಾಠ ನೋಡಬಹುದು. ಇಪ್ಪತ್ತು ಪುಟ ಬರೆಯುವುದು ಕಷ್ಟ, ಟ್ಯಾಲಿ ಕಲಿಯುವುದು ಆಗದು. ಇಬ್ಬರೂ ಓದುತ್ತಿದ್ದರೆ ಇಬ್ಬರಿಗೂ ಸೇರಿ ಒಂದು ಕೊಳ್ಳಿ. ಯಾರಿಗೆ ಯಾವ ಹೊತ್ತು ಅಂತ ಬರೆದು ಗೋಡೆಗೆ ಅಂಟಿಸಿ.

ಯಾವಾಗ ಕೊಳ್ಳಬೇಕು? ಕಾಲೇಜು ಸೇರಿದ ವಾರವೇ ಕೊಳ್ಳಬೇಕೆಂದು ಯಾವ ನಿಯಮವೂ ಇಲ್ಲ. ಆ ಹೊತ್ತಿಗೆ ನಮ್ಮ ಕೈ ಬರಿದಾಗಿರುತ್ತದೆ. ಶುಲ್ಕ, ಪುಸ್ತಕ, ಹಾಸ್ಟೆಲ್ ಎಲ್ಲಾ ಒಟ್ಟಿಗೇ ಬರುತ್ತದೆ. ಅಡಿಕೆ ಕೊಯ್ಲು ಶುರುವಾಗುವುದು ಮಳೆ ಕಡಿಮೆ ಆದ ಮೇಲೆ. ತೋಟ ಇದ್ದವರಿಗೂ, ಸುಲಿಯಲು ಹೋಗುವವರಿಗೂ ಕೈಗೆ ಕಾಸು ಬರುವುದು ಆಗಲೇ. ಅಲ್ಲಿಯ ತನಕ ಮಕ್ಕಳು ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಕಲಿಯಲಿ. ನಾಲ್ಕು ತಿಂಗಳಲ್ಲಿ ತಮಗೆ ಎಂತ ಬೇಕು ಅಂತ ಅವರಿಗೇ ಗೊತ್ತಾಗ್ತದೆ. ದಸರಾ, ದೀಪಾವಳಿ ಹೊತ್ತಿಗೆ ಅಂಗಡಿಗಳಲ್ಲಿ ಬೆಲೆಯನ್ನೂ ಸ್ವಲ್ಪ ಇಳಿಸುತ್ತಾರೆ.

ಈಗ ಪೆಟ್ಟಿಗೆ ಮೇಲಿನ ಚೀಟಿ ಓದೋಣ. ಚೀಟಿ ಇಂಗ್ಲಿಷಿನಲ್ಲಿ ಇರುತ್ತದೆ. ಹೆದರಬೇಡಿ. ಅಂಕಿಯನ್ನು ನೀವು ಓದಿ, ಅಕ್ಷರವನ್ನು ಮಕ್ಕಳು ಓದಲಿ. ಲ್ಯಾಪ್‌ಟಾಪ್ ಅಂದರೆ ಒಂದು ಅಡುಗೆಮನೆ ಅಂತ ತಿಳಿಯಿರಿ.

ಅಡುಗೆ ಮಾಡುವವರು ಒಬ್ಬರು ಬೇಕಲ್ಲ? ಅದು ಪ್ರೊಸೆಸರ್. ಇಂಟೆಲ್ ಎಂಬ ಕಂಪನಿಯದಾದರೆ ಐ3, ಐ5 ಅಥವಾ ಕೋರ್ 3, ಕೋರ್ 5 ಅಂತ ಇರುತ್ತದೆ. ಎಎಂಡಿ ಎಂಬ ಕಂಪನಿಯದಾದರೆ ರೈಜನ್ 3, ರೈಜನ್ 5 ಅಂತ ಇರುತ್ತದೆ. ಸಾಧಾರಣ ಓದಿಗೆ 3 ಸಾಕು. ಕಂಪ್ಯೂಟರ್ ಓದಿಗೆ 5 ಇರಲಿ. ಸೆಲೆರಾನ್ ಅಂತ ಬರೆದದ್ದು ಅಗ್ಗಕ್ಕೆ ಸಿಗುತ್ತದೆ. ಆದರೆ ಬಹಳ ನಿಧಾನ. ಮೂರು ವರ್ಷದ ಓದಿಗೆ ಅದನ್ನು ನಂಬಬೇಡಿ.

ಎರಡನೆಯದು ಅಡುಗೆಕಟ್ಟೆ. ಕಟ್ಟೆ ಅಗಲ ಇದ್ದರೆ ಒಂದೇ ಹೊತ್ತಿಗೆ ಹಲವು ಕೆಲಸ ಹರಡಿಕೊಳ್ಳಬಹುದು. ಇದಕ್ಕೆ ರ‍್ಯಾಮ್ ಅಂತಾರೆ. ಇದನ್ನು ಜಿಬಿ ಲೆಕ್ಕದಲ್ಲಿ ಹೇಳುತ್ತಾರೆ. 8 ಜಿಬಿಗಿಂತ ಕಡಿಮೆ ಬೇಡ. ಕಂಪ್ಯೂಟರ್ ಓದಿಗೆ 16 ಜಿಬಿ. ಇಲ್ಲಿ ಒಂದು ಉಪಾಯ ಉಂಟು. ಕೆಲವು ಲ್ಯಾಪ್‌ಟಾಪಿಗೆ ರ‍್ಯಾಮನ್ನು ಆಮೇಲೆ ಸೇರಿಸಬಹುದು. ಕೆಲವಕ್ಕೆ ಆಗುವುದಿಲ್ಲ. "ತಮ್ಮಾ, ಮುಂದೆ ಇದಕ್ಕೆ ರ‍್ಯಾಮ್ ಹಾಕ್ಲಿಕ್ಕೆ ಆಗ್ತದಾ?" ಅಂತ ಕೇಳಿ. ಆಗುವುದಾದರೆ ಈಗ 8ರದ್ದು ಕೊಂಡು, ಬೇಕಾದಾಗ ಹೆಚ್ಚಿಸಬಹುದು.

ಮೂರನೆಯದು ಉಗ್ರಾಣ. ಬರೆದದ್ದನ್ನೆಲ್ಲ ಇಡುವ ಜಾಗ. ಇದರಲ್ಲಿ ಎರಡು ಜಾತಿ. ಹಳೆಯ ಜಾತಿಗೆ ಹಾರ್ಡ್ ಡಿಸ್ಕ್ ಅಂತಾರೆ. ಒಳಗೆ ತಟ್ಟೆ ತಿರುಗುತ್ತದೆ. ಬಸ್ಸಿನ ಕುಲುಕಾಟ ಅದಕ್ಕೆ ಆಗದು. ಹೊಸ ಜಾತಿಗೆ ಎಸ್‌ಎಸ್‌ಡಿ ಅಂತಾರೆ. ಅದರಲ್ಲಿ ತಿರುಗುವುದು ಏನೂ ಇಲ್ಲ. ಕೆಲಸ ಬೇಗ ಆಗುತ್ತದೆ. ಎಸ್‌ಎಸ್‌ಡಿ ಇದ್ದದ್ದನ್ನೇ ಕೊಳ್ಳಿ. 512 ಜಿಬಿ ಇದ್ದರೆ ಧಾರಾಳ.

ಈ ಮೂರು ಸರಿ ಇರುವ ಸಾಧಾರಣ ಲ್ಯಾಪ್‌ಟಾಪ್ ಸುಮಾರು 35ರಿಂದ 45 ಸಾವಿರದ ಆಸುಪಾಸಿನಲ್ಲಿ ಸಿಗುತ್ತಾ ಬಂದಿದೆ. ಈ ಬೆಲೆ ಅಡಿಕೆ ಧಾರಣೆಯ ಹಾಗೆ. ಏರುತ್ತದೆ, ಇಳಿಯುತ್ತದೆ. ಕೊಳ್ಳುವ ವಾರ ಎರಡು ಮೂರು ಕಡೆ ವಿಚಾರಿಸಿ, ಬರೆದುಕೊಳ್ಳಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಶಿವಮೊಗ್ಗಕ್ಕೆ ಹೋಗಿ ವಿಚಾರಿಸಿ ಬರಬಹುದು. ನಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸೇ, ಅದು ಬೇರೆ ಮಾತು!

ತೂಕವನ್ನೂ ನೋಡಿ. ಕೈಯಲ್ಲಿ ಎತ್ತಿ ನೋಡಿ. ಒಂದೂವರೆ ಕಿಲೋದ್ದು ಸಿಗುತ್ತದೆ, ಎರಡೂವರೆ ಕಿಲೋದ್ದೂ ಸಿಗುತ್ತದೆ. ಬಸ್ಸಿನಲ್ಲಿ ನಿಂತು ಹೋಗುವ ಹುಡುಗಿಗೆ ಆ ಒಂದು ಕಿಲೋ ದಿನಾ ಹೊರೆ. ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಅಂತಲೂ ಕೇಳಿ. 1948ರಿಂದ ನಮ್ಮ ಜೋಗದ ನೀರಿನಲ್ಲಿ ನಾಡಿಗೆ ಕರೆಂಟು ಆಗುತ್ತಿದೆ. ಆದರೂ ಆಷಾಢದ ಗಾಳಿಮಳೆಗೆ ಮರ ಬಿದ್ದರೆ ನಮ್ಮ ಊರುಗಳೇ ಮೂರು ದಿನ ಕತ್ತಲೆ. ಸಣ್ಣ ಬ್ಯಾಟರಿಯ ಲ್ಯಾಪ್‌ಟಾಪ್ ನಮಗೆ ಆಗಿಬರುವುದಿಲ್ಲ.

ಹಳೆಯದನ್ನು ಕೊಳ್ಳಬಹುದಾ? ಕೊಳ್ಳಬಹುದು. ದೊಡ್ಡ ಕಚೇರಿಗಳಲ್ಲಿ ಮೂರು ನಾಲ್ಕು ವರ್ಷ ಬಳಸಿದವನ್ನು ದುರಸ್ತಿ ಮಾಡಿ ಮಾರುತ್ತಾರೆ. ಹೊಸದರ ಅರ್ಧ ಬೆಲೆಗೆ ಒಳ್ಳೆಯದೇ ಸಿಗುವುದುಂಟು. ಆದರೆ ಒಂದು ಎಚ್ಚರಿಕೆ. ಲ್ಯಾಪ್‌ಟಾಪ್ ಒಳಗೆ ಎಲ್ಲವನ್ನೂ ನಡೆಸುವ ವಿಂಡೋಸ್ ಎಂಬ ವ್ಯವಸ್ಥೆ ಇರುತ್ತದೆ. ಅದನ್ನು ಮಾಡುವುದು ಮೈಕ್ರೋಸಾಫ್ಟ್ ಕಂಪನಿ. ಕಳ್ಳರು ನುಗ್ಗುವ ಕಿಂಡಿಗಳನ್ನು ಆ ಕಂಪನಿ ಆಗಾಗ ಮುಚ್ಚುತ್ತಾ ಇರುತ್ತದೆ. ವಿಂಡೋಸ್ 10 ಎಂಬುದಕ್ಕೆ ಆ ಮಾಮೂಲಿ ಕೆಲಸವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಈಗ ಬೇಕಾದ್ದು ವಿಂಡೋಸ್ 11. ಇಂಟೆಲ್ ಕಂಪನಿಯ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಇದ್ದರೆ ಸಾಮಾನ್ಯವಾಗಿ ಅದನ್ನು ಹಾಕಲು ಕಂಪನಿ ಒಪ್ಪುವುದಿಲ್ಲ. ಅಂಥವನ್ನು "ಐ7 ಉಂಟು, 12 ಸಾವಿರಕ್ಕೆ ತಗೊಳ್ಳಿ" ಅಂತ ಮಾರುತ್ತಾರೆ. ಹತ್ತು ವರ್ಷ ಹಳೆಯ ಐ7ಗಿಂತ ಹೊಸ ಐ3 ಮೇಲು. "ಎಷ್ಟನೇ ತಲೆಮಾರು? ವಿಂಡೋಸ್ 11 ಕಂಪನಿಯದ್ದೇನಾ?" ಅಂತ ಕೇಳಿ. ಅಂಗಡಿಯಲ್ಲೇ ಅರ್ಧ ಗಂಟೆ ಚಾರ್ಜರ್ ತೆಗೆದು ನಡೆಸಿ. ಎಲ್ಲಾ ಕೀಲಿ ಒತ್ತಿಸಿ. ಮುಚ್ಚಿ ತೆರೆಯುವ ತಿರುಗಣಿ ಗಟ್ಟಿ ಉಂಟಾ ನೋಡಿ. ಬಿಲ್ಲು ಕೊಡದವರಿಂದ ಹಳೆಯದನ್ನು ತರಲೇಬೇಡಿ. ಕದ್ದ ಮಾಲೂ ಹಾಗೇ ಬರುತ್ತದೆ.

ಇನ್ನು ದುಡ್ಡಿನ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಹಲಗೆ, ಬಳಪ ತಗೊಳ್ಳಿ.

ಲ್ಯಾಪ್‌ಟಾಪ್ ಬೆಲೆ 40,000 ರೂಪಾಯಿ. ಅಂಗಡಿಯವರು ಹೇಳುತ್ತಾರೆ, "ಈಗ ಏನೂ ಕೊಡೋದು ಬೇಡ. ತಿಂಗಳಿಗೆ 2,200 ಅಷ್ಟೆ. 24 ತಿಂಗಳು." ಕೇಳಲು ಹಗುರ. ಗುಣಿಸಿ ನೋಡಿ. 2,200ನ್ನು 24ರಿಂದ ಗುಣಿಸಿದರೆ 52,800. ಅಂದರೆ 12,800 ಹೆಚ್ಚು. ಇದರ ಮೇಲೆ ಕಡತದ ಖರ್ಚು ಅಂತ ಬೇರೆ ಹಿಡಿಯುವುದುಂಟು. ಕಂತು ತಪ್ಪಿದರೆ ದಂಡ. ಬಡ್ಡಿಯೇ ಇಲ್ಲದ ಕಂತೂ ಕೆಲವು ಕಡೆ ಉಂಟು. ಅಲ್ಲಿಯೂ ಗುಣಿಸಿ. ಕೈಮೇಲೆ ಕಾಸು ಕೊಟ್ಟರೆ ಬೆಲೆ ಎಷ್ಟು ಅಂತ ಕೇಳಿ, ಎರಡನ್ನೂ ಅಕ್ಕಪಕ್ಕ ಬರೆಯಿರಿ.

ಈಗ ಕೈಸಾಲ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂತ ಇಟ್ಟುಕೊಳ್ಳಿ. 40,000ಕ್ಕೆ ಎಷ್ಟಾಯಿತು? ತಿಂಗಳಿಗೆ 1,200. ವರ್ಷಕ್ಕೆ 14,400. ಅಸಲು ಹಾಗೇ ನಿಂತಿರುತ್ತದೆ! ಅದೇ ಸಂಘದಲ್ಲಿ ನೂರಕ್ಕೆ 1 ರೂಪಾಯಿ ಆದರೆ ಮೊದಲ ತಿಂಗಳು 400. ಅಸಲು ತೀರಿಸಿದಂತೆ ಬಡ್ಡಿಯೂ ಇಳಿಯಬೇಕು. ಇಳಿಯುತ್ತದಾ ಅಂತ ಪುಸ್ತಕದಲ್ಲಿ ನೋಡಿ. ಲ್ಯಾಪ್‌ಟಾಪಿಗೋಸ್ಕರ ಮನೆ ಬಾಗಿಲಿಗೆ ಬರುವ ಸಾಲದ ಕಂಪನಿಗಳಿಗೆ ಕೈಯೊಡ್ಡುವುದು ನನಗೆ ಸರಿ ಕಾಣುವುದಿಲ್ಲ. ವಸೂಲಿಗೆ ಬಂದು ಪೀಡಿಸುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ, ನಿಜ. ಆದರೂ ತೀರಿಸುವವರು ನಾವೇ ಅಲ್ಲವಾ?

ಮಕ್ಕಳ ಓದಿಗೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ತೆಗೆಯುವವರು ಒಂದು ವಿಷಯ ನೆನಪಿಡಿ. ಓದಿಗೆ ಕಂಪ್ಯೂಟರ್ ಬೇಕೇ ಬೇಕು ಅಂತಾದರೆ ಅದರ ಬೆಲೆಯನ್ನೂ ಆ ಸಾಲದಲ್ಲಿ ಸೇರಿಸಲು ಅವಕಾಶ ಉಂಟು. ಅರ್ಜಿ ಹಾಕುವಾಗಲೇ ಕೇಳಬೇಕು. ಎಲ್ಲಕ್ಕಿಂತ ಒಳ್ಳೆಯದು ಮೊದಲೇ ಕೂಡಿಡುವುದು. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟಿನಲ್ಲಿ ಶುರುವಾಯಿತು. ತಿಂಗಳಿಗೆ 2,000 ರೂಪಾಯಿ ಅಂತ ಲೆಕ್ಕ. ಅದನ್ನು ಮುಟ್ಟದೆ ಇಟ್ಟರೆ 20 ಕಂತಿಗೆ 40,000 ಆಗುತ್ತದೆ. ಮುಟ್ಟದೆ ಇಡುವುದು ಸುಲಭ ಅಂತ ನಾನು ಹೇಳುವುದಿಲ್ಲ. ಅಕ್ಕಿ, ಎಣ್ಣೆ, ಔಷಧಿ ಕಾಯುವುದಿಲ್ಲ. ತಿಂಗಳಿಗೆ 500 ಇಟ್ಟರೂ ಪಿಯುಸಿಯ ಎರಡು ವರ್ಷದಲ್ಲಿ 12,000 ಆಗುತ್ತದೆ. ಸಾಲ ಅಷ್ಟು ಕಡಿಮೆ.

"ಟೀಚರೇ, ಸರ್ಕಾರದಿಂದ ಪುಕ್ಕಟೆ ಕೊಡಲ್ವಾ?" ಅಂತ ನೀವು ಕೇಳುತ್ತೀರಿ. ಕೊಟ್ಟದ್ದುಂಟು. 2019-20ನೇ ಸಾಲಿನಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೊದಲ ವರ್ಷದ ಮಕ್ಕಳಿಗೆ ರಾಜ್ಯ ಸರ್ಕಾರ ಲ್ಯಾಪ್‌ಟಾಪ್ ಕೊಟ್ಟಿತು. 2021ರಲ್ಲಿ, ಕೊರೊನಾ ಕಾಲದಲ್ಲಿ, ಸರ್ಕಾರಿ ಕಾಲೇಜು ಮಕ್ಕಳಿಗೆ ಟ್ಯಾಬ್ ಕೊಟ್ಟಿತು. ಪಾಠ ಕೇಳಲು ನಮ್ಮ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ವರ್ಷಗಳು ಅವು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದಲೂ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಟ್ಟದ್ದುಂಟು. ಇಂಥವು ಪ್ರತಿ ವರ್ಷ ಇರುವುದಿಲ್ಲ. ಈ ವರ್ಷ ಉಂಟಾ ಅಂತ ಕಾಲೇಜು ಕಚೇರಿಯಲ್ಲಿ, ಕಾರ್ಮಿಕ ಇಲಾಖೆಯಲ್ಲಿ, ಸಮಾಜ ಕಲ್ಯಾಣ ಇಲಾಖೆಯಲ್ಲಿ ಕೇಳಿ.

ವಾಟ್ಸಾಪಿನಲ್ಲಿ ಬರುವುದನ್ನು ಮಾತ್ರ ನಂಬಬೇಡಿ. "ಪ್ರಧಾನ ಮಂತ್ರಿ ಉಚಿತ ಲ್ಯಾಪ್‌ಟಾಪ್, ಇಲ್ಲಿ ಒತ್ತಿ" ಅಂತ ಆಗಾಗ ಬರುತ್ತದೆ. ಅಂಥ ಯೋಜನೆ ಇಲ್ಲ ಅಂತ ಕೇಂದ್ರ ಸರ್ಕಾರವೇ ಹೇಳಿದೆ. ಒತ್ತಿದರೆ ಹೆಸರು, ಆಧಾರ್, ಬ್ಯಾಂಕ್ ಸಂಖ್ಯೆ ಕೇಳುತ್ತಾರೆ. ಆಮೇಲೆ ಓಟಿಪಿ ಕೇಳುತ್ತಾರೆ. ಓಟಿಪಿ ಕೊಟ್ಟರೆ ಖಾತೆಯ ಬೀಗದ ಕೈ ಕೊಟ್ಟ ಹಾಗೆ. ಯಾರಾದರೂ ಹೀಗೆ ಹಣ ಕಳೆದುಕೊಂಡರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಈ ಅಂಕಿಯನ್ನು ಈಗಲೇ ಬರೆದುಕೊಳ್ಳಿ.

ಅಂಗಡಿಯಲ್ಲಿ ಕೊನೆಯ ಹಂತ ಬಿಲ್ಲು. "ಬಿಲ್ಲು ಬೇಡ ಅಂದ್ರೆ ಎರಡು ಸಾವಿರ ಕಡಿಮೆ ಮಾಡ್ತೀನಿ ಅಮ್ಮಾ" ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಲ್ಯಾಪ್‌ಟಾಪಿಗೆ ನೂರಕ್ಕೆ 18ರಂತೆ ಜಿಎಸ್‌ಟಿ ತೆರಿಗೆ ಉಂಟು. 40,000ದ ಬಿಲ್ಲಿನಲ್ಲಿ ಸುಮಾರು 6,100 ರೂಪಾಯಿ ತೆರಿಗೆಯೇ. ಅದನ್ನು ತಪ್ಪಿಸಲಿಕ್ಕೆ ಅವರು ಹಾಗೆ ಹೇಳುವುದು. ಬಿಲ್ಲು ಇಲ್ಲದೆ ನಾಳೆ ಕೆಟ್ಟರೆ ಕೇಳುವವರು ಯಾರು?

ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆ ಇರಬೇಕು. 15 ಅಕ್ಷರ, ಅಂಕಿ ಸೇರಿದ ಸಂಖ್ಯೆ ಅದು. ನಮ್ಮ ಕರ್ನಾಟಕದ ಅಂಗಡಿಯದಾದರೆ ಮೊದಲ ಎರಡು ಅಂಕಿ 29. ಬೆರಳಿಟ್ಟು ಓದಿ. ಲ್ಯಾಪ್‌ಟಾಪಿನ ಹಿಂಬದಿಯ ಸಂಖ್ಯೆ, ಪೆಟ್ಟಿಗೆಯ ಸಂಖ್ಯೆ, ಬಿಲ್ಲಿನ ಸಂಖ್ಯೆ, ಮೂರೂ ಒಂದೇ ಆಗಿರಬೇಕು. ಪೆಟ್ಟಿಗೆ ಮೇಲೆ ಅಚ್ಚಾದ ಗರಿಷ್ಠ ಬೆಲೆಯಲ್ಲಿ ಎಲ್ಲಾ ತೆರಿಗೆ ಸೇರಿರುತ್ತದೆ. ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ.

ವಾರಂಟಿ ಎಷ್ಟು ವರ್ಷ? ರಿಪೇರಿಗೆ ಎಲ್ಲಿಗೆ ಒಯ್ಯಬೇಕು? ಶಿವಮೊಗ್ಗದಲ್ಲೇ ಆಗುತ್ತದಾ, ಬೆಂಗಳೂರಿಗೆ ಕಳಿಸಬೇಕಾ? ಇದನ್ನು ಕೇಳದೆ ಹಣ ಎಣಿಸಬೇಡಿ. ಅದರ ಜೊತೆ ವೈರಸ್ ತಡೆಯುವುದು, ಬರೆಯುವ ತಂತ್ರಾಂಶ ಅಂತ ಮೂರು ನಾಲ್ಕು ಸಾವಿರ ಸೇರಿಸುತ್ತಾರೆ. ವಿಂಡೋಸಿನ ಒಳಗೇ ವೈರಸ್ ತಡೆಯುವುದು ಉಂಟು. ಲಿಬ್ರೆ ಆಫೀಸ್ ಎಂಬ ಬರೆಯುವ, ಲೆಕ್ಕ ಮಾಡುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಕನ್ನಡ ಬರೆಯಲು ಕನ್ನಡ ಗಣಕ ಪರಿಷತ್ತಿನವರು ಮಾಡಿದ ನುಡಿ ಉಂಟು. ಅದೂ ಪುಕ್ಕಟೆ. ನೀವು ಕಲಿತ ಕ, ಖ, ಗ ಎಲ್ಲಾ ಅದರಲ್ಲಿ ಮೂಡುತ್ತದೆ.

ಕೊಂಡ ಮೇಲೆ ಕೆಟ್ಟು, ಅಂಗಡಿಯವರೂ ಕಂಪನಿಯವರೂ ಕೈ ಎತ್ತಿದರೆ 1915ಕ್ಕೆ ಫೋನ್ ಮಾಡಿ. ಅದು ಗ್ರಾಹಕರ ಸಹಾಯವಾಣಿ. ಅಲ್ಲಿಯೂ ಆಗದಿದ್ದರೆ ಶಿವಮೊಗ್ಗದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಉಂಟು. 5 ಲಕ್ಷದ ಒಳಗಿನ ಖರೀದಿಗೆ ದೂರು ಕೊಡಲು ಶುಲ್ಕ ಇಲ್ಲ. ವಕೀಲರು ಇಲ್ಲದೆಯೂ ದೂರು ಕೊಡಬಹುದು. ಬಿಲ್ಲನ್ನು ಟ್ರಂಕಿನಲ್ಲಿ, ಜಮೀನಿನ ಕಾಗದದ ಜೊತೆ ಇಡಿ.

ಮನೆಗೆ ತಂದ ಮೇಲೆ ನಮ್ಮ ಶತ್ರು ಮಳೆಗಾಲ. ಗೋಡೆಯೇ ಬೆವರುವ ಕಾಲ ಅದು. ಲ್ಯಾಪ್‌ಟಾಪನ್ನು ನೆಲದಲ್ಲಿ, ಗೋಡೆಗೆ ತಾಗಿಸಿ ಇಡಬೇಡಿ. ಒಲೆ ಹತ್ತಿರವೂ ಬೇಡ. ಹೊಗೆ, ಮಸಿ ಒಳಗೆ ಹೋಗುತ್ತದೆ. ಬಿಗಿ ಮುಚ್ಚಳದ ಒಣ ಡಬ್ಬದಲ್ಲಿ, ಪೆಟ್ಟಿಗೆ ಜೊತೆ ಬಂದ ಸಣ್ಣ ಬಿಳಿ ಚೀಲ ಹಾಕಿ ಇಡಿ. ಆ ಚೀಲ ತೇವ ಹೀರುತ್ತದೆ. ಮಕ್ಕಳ ಕೈಗೆ ಸಿಗದಿರಲಿ, ಬಾಯಿಗೆ ಹಾಕಬಾರದು. ದಿನಾ ಸ್ವಲ್ಪ ಹೊತ್ತು ಬಳಸಿದರೆ ಬೂಸಲು ಹತ್ತುವುದಿಲ್ಲ. ಗುಡುಗು ಕೇಳಿದರೆ ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನೇ ಕಿತ್ತು ಇಡಿ. ಬಸ್ಸಿಗೆ ಹೋಗುವಾಗ ಚೀಲದ ಒಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ ಇರಲಿ. ಗೊಬ್ಬರದ ಚೀಲದ ಒಳಪದರವನ್ನು ಚೆನ್ನಾಗಿ ತೊಳೆದು ಒಣಗಿಸಿದರೂ ನಡೆಯುತ್ತದೆ.

ಫೋನಿನ ಇಂಟರ್‌ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟರೆ ದಿನದ ಪ್ಯಾಕು ಒಂದು ಗಂಟೆಯಲ್ಲಿ ಖಾಲಿ ಆಗಬಹುದು. ವಿಂಡೋಸ್ ತನಗೆ ಬೇಕಾದ್ದನ್ನು ತಾನೇ ಇಳಿಸಿಕೊಳ್ಳುತ್ತಾ ಇರುತ್ತದೆ. ಅದನ್ನು ತಡೆದು ಇಡಲು ಮಗಳಿಗೆ ಹೇಳಿ. ದೊಡ್ಡ ಪಾಠಗಳನ್ನು ಕಾಲೇಜಿನಲ್ಲೇ ಇಳಿಸಿಕೊಂಡು ಬರಲಿ.

ನನ್ನ ಮಾತು ಇಷ್ಟು. ಹಲಗೆಯಲ್ಲಿ ಬರೆದ ಎರಡು ಫೋನ್ ಸಂಖ್ಯೆ, ಗುಣಿಸಿದ ಲೆಕ್ಕ, ಇವನ್ನು ನಿಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳಿ. ಯಾರ ಮನೆಯಲ್ಲಿ ಈ ವರ್ಷ ಕಾಲೇಜಿಗೆ ಹೋಗುವವರು ಇದ್ದಾರೆ? ಕೈ ಎತ್ತಿ. ಯಾವ ಓದು, ಕೈಯಲ್ಲಿ ಎಷ್ಟು ಹಣ ಉಂಟು, ಒಬ್ಬೊಬ್ಬರಾಗಿ ಹೇಳಿ. ಒಟ್ಟಿಗೆ ಲೆಕ್ಕ ಹಾಕೋಣ.